ಕೂಗದ ಕೈಯನ್ನು ನಾಯಿಮರಿ ಬಿಡುವುದಿಲ್ಲ

ಬ್ಲೇರ್ ಅಥಾಲ್, ಅಡಿಲೇಡ್
೧೬ ಜೂನ್ ೨೦೧೫, ಮಂಗಳವಾರ

ಪ್ರೀತಿಯ ಅಮ್ಮಾ,

ಮಂಡಿನೋವು ಹೇಗಿದೆ? ಶಾಖ ಕೊಟ್ಟುಕೊಳ್ಳುತ್ತಿದ್ದೀಯೋ, ಇಲ್ಲ ಎಲ್ಲರ ಸ್ನಾನ ಮುಗಿದು ಗೀಸರ್ ತಣ್ಣಗಾದ ಮೇಲೆಯೇ ನಿನ್ನ ಸರದಿಯೋ? ಫೋನಿನಲ್ಲಿ ಹೇಳಿದರೆ ಸ್ಪೀಕರ್ ಹಾಕಿ ಅಣ್ಣನೂ ಕೇಳುತ್ತಾನೆ. ಅದಕ್ಕೇ ಕಾಗದ.

ನನ್ನ ಮದುವೆಯ ಮಾತುಕತೆಯಲ್ಲಿ ನೀನೂ ಕೂತಿದ್ದೆ. ಓದು ಮುಂದುವರಿಸಬಹುದು ಎಂದರು. ವೀಸಾ ಬಂದ ದಿನವೇ ಅದು ಮುಗಿಯಿತು. ಕೆಲಸಕ್ಕೆ ಹೋಗಬಹುದು ಎಂದರು. ಕಾರಿನ ಕೀ ಕೊಡಲಿಲ್ಲ. ವರ್ಷಕ್ಕೊಮ್ಮೆ ತವರು ಎಂದರು. ಪಾಸ್‌ಪೋರ್ಟ್ ಬೀರುವಿನಲ್ಲಿಟ್ಟು ಬೀಗ ಹಾಕಿದ. ಕೈ ಎತ್ತುವ ಮನೆತನವಲ್ಲ ಎಂದರು; ಅದರ ಗತಿ ನಿನಗೆ ಗೊತ್ತು. ಗಂಡನ ಹೆಸರು ಹಿಡಿದು ಏಕವಚನದಲ್ಲಿ ಬರೆದಳು ಎಂದು ಬೈಯುವುದಾದರೆ ಬೈದು ಮುಂದಕ್ಕೆ ಓದು. ಉಮಾಪತಿ ಕೆಲಸದ ಮೇಲೆ ಪರ್ತ್‌ಗೆ ಹೋಗಿದ್ದಾನೆ. ಆದರೂ ಪಕ್ಕದ ಮನೆಯ ಗ್ಯಾರೇಜ್ ಬಾಗಿಲು ಎದ್ದ ಸದ್ದಿಗೆ ನಾನೂ ಗಾನವಿಯೂ ಚಪ್ಪಲಿ ಜೋಡಿಸಲು ಓಡುತ್ತೇವೆ. ಅವನಿಲ್ಲದ ಮನೆಯಲ್ಲೂ ಅವನೇ ಓಡಾಡುತ್ತಾನೆ.

ನಿನ್ನ ಮೊಮ್ಮಗಳು ಗಾನವಿಯ ಜೊತೆಗಿರಲೆಂದು ನಾಯಿಮರಿ ತಂದಿದ್ದೇನೆ. ಬಾಲ ಸುರುಳಿ, ಅದಕ್ಕೆ ಕೋಡುಬಳೆ ಎಂದು ಹೆಸರು. ಮಹಾ ಪೋಕರಿ. ಕಾಲ್ಬೆರಳು, ದುಪಟ್ಟ, ಮನೆಗೆ ಬಂದವರ ಮುಂಗೈ, ಎಲ್ಲಕ್ಕೂ ಬಾಯಿ ಹಾಕುತ್ತದೆ. ಪಾರ್ಕಿನಲ್ಲಿ ಮರಿಗಳಿಗೆ ಪಾಠ ಹೇಳುವ ಜೂಲಿಯ ಬಳಿ ಕರೆದೊಯ್ದೆ. ಹೊಡೆಯಬೇಡಿ, ಮೂತಿ ಹಿಡಿಯಬೇಡಿ. ಹಲ್ಲು ತಾಗಿದ ಕೂಡಲೇ ಕೂಗಿ, ಆಟ ನಿಲ್ಲಿಸಿ, ಎದ್ದುಹೋಗಿ ಎಂದಳು. ಮರಿಗಳೂ ಕಿರುಚಿಯೇ ಒಂದಕ್ಕೊಂದು ಕಲಿಸುತ್ತವಂತೆ. ಕೋಡುಬಳೆ ನನ್ನ ಬೆರಳು ಕಚ್ಚಿತು, ನಾನು "ನೋವು, ನೋವು" ಎಂದೆ. ಜೂಲಿ ತಲೆ ಆಡಿಸಿದಳು: "ನೋ ಅನ್ಬೇಡ ಲವ್, ನಾಯಿಗೆ ನೋ ಏನ್ ಗೊತ್ತು? ನೋಯ್ತು ಅಂತ ಕೂಗು!" ಅದನ್ನೇ ಕೂಗುತ್ತಿದ್ದೇನೆ ಮಾರಾಯ್ತಿ ಎಂದು ಅವಳಿಗೆ ತಿಳಿಸುವಷ್ಟರಲ್ಲಿ ಇಬ್ಬರಿಗೂ ನಗು. ನಾನು ಬೇಡ ಅಂದದ್ದನ್ನಾಗಲಿ, ನೋವು ಅಂದದ್ದನ್ನಾಗಲಿ ಈ ಊರಿನಲ್ಲಿ ಯಾರಾದರೂ ಕೇಳಿಸಿಕೊಂಡದ್ದು ಅದೇ ಮೊದಲು.

ನನ್ನ ಕೈ ಬಿಡುವುದನ್ನು ಮರಿ ಕಲಿಯಿತು. ಗಾನವಿಯ ಕೈ ಬಿಡಲಿಲ್ಲ. ನಿನ್ನೆ ಚಟ್ನಿ ರುಬ್ಬಿ ಮಿಕ್ಸಿ ನಿಲ್ಲಿಸಿ ತಿರುಗಿದರೆ, ಅವಳ ಮಣಿಕಟ್ಟು ಮರಿಯ ಬಾಯಲ್ಲಿದೆ, ರಕ್ತ ಒಸರುತ್ತಿದೆ, ಹುಡುಗಿ ಉಸಿರು ಬಿಗಿಹಿಡಿದು ನಿಂತಿದ್ದಾಳೆ. ಯಾಕೇ ಕೂಗ್ಲಿಲ್ಲ ಎಂದೆ. "ಮಿಕ್ಸಿ ವಾಸ್ ಆನ್, ಅಮ್ಮಾ" ಎಂದಳು.

ಆ ಪಾಠ ಕಲಿಸಿದವಳು ನೀನು. ನೀನಿಲ್ಲಿದ್ದ ಚಳಿಗಾಲದಲ್ಲಿ, ಒಳಗೆ ನನ್ನ ಮೇಲೆ ಉಮಾಪತಿಯ ಕೈ ಏಳುತ್ತಲೇ ನೀನು ಅಡುಗೆಮನೆಯಲ್ಲಿ ಖಾಲಿ ಜಾರ್ ಇಟ್ಟು ಮಿಕ್ಸಿ ಹಾಕುತ್ತಿದ್ದೆ. "ಅಕ್ಕಪಕ್ಕದವ್ರಿಗೆ ಕೇಳ್ಸೀತು, ಪೊಲೀಸ್ನೋರು ಬಂದ್ರೆ ಮಾನ ಹೋಗುತ್ತೆ ಕಣೇ." ಗಾನವಿಯನ್ನು ಸೆರಗಿಗೆ ಅವಚಿಕೊಂಡು, ಅಳುತ್ತಲೇ ಹಾಕುತ್ತಿದ್ದೆ. ನನಗೆ ಗೊತ್ತು, ನಿನಗೆ ಬೇರೆ ದಾರಿ ಯಾರೂ ತೋರಿಸಿರಲಿಲ್ಲ. ಆದರೆ ಹೇಳು, ಯಾರ ಮಾನ ಉಳಿಯಿತು? ಹೊಡೆದವನದು. ಆ ಮಾನಕ್ಕೆ ಬೆಂಕಿ ಹಾಕು!

ಇವತ್ತು ಮಿಕ್ಸಿ ಹಾಕಿಯೇ ಗಾನವಿಗೆ ಅಭ್ಯಾಸ ಮಾಡಿಸಿದೆ. ಮೊದಲು ಗಂಟಲಿಂದ ಬರೀ ಗಾಳಿ. ಆಮೇಲೆ ಕೂಗಿದಳು ನೋಡು, ಕೋಡುಬಳೆ ಕೈಬಿಟ್ಟು ಹಿಂದೆ ಸರಿದು ಕೂತಿತು. ಪಕ್ಕದ ಮನೆಯ ಮುದುಕ ಬೇಲಿಯಾಚೆಯಿಂದ ಇಣುಕಿದ: "ಆಲ್ ರೈಟ್ ದೇರ್, ಡಾರ್ಲಿಂಗ್?" ಅಮ್ಮಾ, ನೀನು ಅಷ್ಟು ಹೆದರಿದ್ದ ಅಕ್ಕಪಕ್ಕದವರು ಕೇಳಿದ್ದು ಇಷ್ಟೇ.

ಅತ್ತಿಗೆಗೆ, ಮಕ್ಕಳಿಗೆ ನೆನಪು ಹೇಳು. ನಿನ್ನ ಪಾದ ಮುಟ್ಟಿ ನಮಸ್ಕರಿಸುವ

ದಾಕ್ಷಾಯಣಿ

ಮತ್ತೆ: ಅಂಚೆಗೆ ಹೊತ್ತಾಯಿತು, ಇದೊಂದು ಮಾತು. ಉಮಾಪತಿ ಮುಂದಿನ ತಿಂಗಳು ಹಿಂದಿರುಗುತ್ತಾನಂತೆ. ಅವನು ಈ ಮನೆಗೆ ಕಾಲಿಡದಂತೆ ಕೋರ್ಟಿನ ಆದೇಶ ಕೇಳುತ್ತಿದ್ದೇನೆ. ಅವನು ಎಲ್ಲ ಸುಳ್ಳು ಎನ್ನುತ್ತಾನೆ. ಕಣ್ಣಾರೆ ಕಂಡ ದೊಡ್ಡವಳು ನೀನೊಬ್ಬಳೇ. ನನ್ನ ವಕೀಲೆ ನಿನಗೆ ಫೋನ್ ಮಾಡುತ್ತಾಳೆ, ಕನ್ನಡ ಬಲ್ಲವರೂ ಜೊತೆಗಿರುತ್ತಾರೆ. ಅಣ್ಣ ಬೇಡ ಎಂದರೂ ಫೋನ್ ಎತ್ತು. ಕಂಡದ್ದನ್ನು ಹೇಳು. ಜೂನ್ ೩೦, ಮಂಗಳವಾರ, ಇಲ್ಲಿ ಹನ್ನೊಂದು ಗಂಟೆ. ನಿನಗೆ ಬೆಳಿಗ್ಗೆ ಏಳು.