ದೋಣಿ ಅಜ್ಜಿಯ ಮುಖದ ಬಣ್ಣ

ಮಾರ್ಚ್ ೧೨, ಗುರುವಾರ

ಪ್ರೀತಿಯ ಪುಟ್ಟಿಗೆ,

ನೀನು, ಮನೆಯವರು ಎಲ್ಲ ಚೆನ್ನಾಗಿದ್ದೀರಿ ಅಂದುಕೊಂಡೇ ಶುರುಮಾಡುತ್ತೇನೆ. ಇಷ್ಟು ದಿನ ಸುಮ್ಮನಿದ್ದದ್ದಕ್ಕೆ ಬೈಯಬೇಡ. ಬರೀ ಮಾತು ಬರೆದು ಕಳಿಸಲು ಮನಸ್ಸಾಗಲಿಲ್ಲ. ಜೊತೆಗಿಟ್ಟಿರುವ ಅಚ್ಚಿನ ಹಾಳೆಯನ್ನು ಮೊದಲು ಕಿಟಕಿಯ ಹತ್ತಿರ ಹಿಡಿದು ನೋಡು. ಫೋಟೋ ತೆಗೆದು ಫೋನಿಗೆ ಕಳಿಸಿದರೆ ನಿನ್ನ ಫೋನು ತನಗೆ ತೋಚಿದ ಬಣ್ಣ ತೋರಿಸುತ್ತದೆ. ಅದಕ್ಕೇ ಅಂಚೆ.

ನೋಡಿದೆಯಾ? ನಮ್ಮ ಮಕ್ಕಳ ಪುಸ್ತಕದ ದೋಣಿ ಅಜ್ಜಿ ಬಿಸಿಲಲ್ಲಿ ಬೆಂದ ಕಂದು ಬಣ್ಣಕ್ಕೆ ವಾಪಸ್ಸು ಬಂದಿದ್ದಾಳೆ. ಕಳೆದ ಪುಸ್ತಕದಲ್ಲಿ ಪಾಪ, ಬದನೆಕಾಯಿ ಬಣ್ಣಕ್ಕೆ ತಿರುಗಿದ್ದಳು. ಆವತ್ತು ನೀನು ಫೋನ್ ಮಾಡಿ, "ಅಕ್ಕಾ, ನಾನು ಬರೆದ ಮುಖಾನ ಏನ್ ಮಾಡ್ಬಿಟ್ಟೆ ನೀನು? ಮುಂದಿನ ಪುಸ್ತಕದ ವಿಷಯ ಆಮೇಲೆ ನೋಡೋಣ" ಅಂದೆ. ನೀನು ಗೆರೆ ಎಳೆಯುವುದು, ನಾನು ಬಣ್ಣ ತುಂಬುವುದು, ಇದು ನಾವು ಫ್ರಾಕು ಹಾಕುತ್ತಿದ್ದ ಕಾಲದಿಂದ ಬಂದದ್ದು. ಆ "ಆಮೇಲೆ" ಕೇಳಿ ನನಗೆ ಊಟ ಸೇರಲಿಲ್ಲ. ಸುತ್ತಿಬಳಸುವುದು ಯಾಕೆ, ಮುಂದಿನ ಪುಸ್ತಕದ ದೋಣಿ ಅಜ್ಜಿಗೂ ನಾನೇ ಬಣ್ಣ ತುಂಬಬೇಕು.

ಕಳ್ಳ ಸಿಕ್ಕಿಬಿದ್ದ ಕಣೇ. ನನ್ನ ಟ್ಯಾಬ್ಲೆಟ್ಟಿನಲ್ಲಿ ಕೋಣೆಯ ಬೆಳಕು ನೋಡಿಕೊಂಡು ಪರದೆಯ ಬಣ್ಣವನ್ನು ತಾನೇ ಬದಲಾಯಿಸುವ ಸೆಟ್ಟಿಂಗ್ ಆನ್ ಆಗಿತ್ತು. ನಾನು ಕೂರುವುದು ಹಳದಿ ಬಲ್ಬಿನ ಕೆಳಗೆ. ಪರದೆಯೂ ಹಳದಿಗೆ ತಿರುಗುತ್ತಿತ್ತು, ನಾನು ಅಜ್ಜಿಯ ಮುಖ ಹಳದಿಯಾಯಿತೆಂದು ನೀಲಿ ಬೆರೆಸುತ್ತಿದ್ದೆ. ನೀನೋ, ಕಣ್ಣು ಉರಿಯುತ್ತದೆ ಅಂತ ನಿನ್ನ ಪರದೆಯನ್ನು ಸದಾ ಕೆಂಪಗೆ ಇಟ್ಟುಕೊಂಡವಳು, ಅದರಲ್ಲಿ ನೋಡಿ, "ಇನ್ನೂ ಕೆಂಪಾಗಿದೆ, ಕಮ್ಮಿ ಮಾಡು" ಅನ್ನುತ್ತಿದ್ದೆ. ಇಬ್ಬರೂ ಸೇರಿ ಇಲ್ಲದ ರೋಗಕ್ಕೆ ಮದ್ದು ಅರೆದೆವು!

ಈಗ ಆ ಸೆಟ್ಟಿಂಗ್ ಆಫ್. ಪರದೆಯ ಬೆಳಕನ್ನು ಒಂದೇ ಮಟ್ಟಕ್ಕೆ ನಿಲ್ಲಿಸಿದ್ದೇನೆ. ಬಣ್ಣ ಅಳೆಯುವ ಪುಟ್ಟ ಯಂತ್ರ ತಂದಿದ್ದೇನೆ, ಡಬ್ಬಿಯ ಮುಚ್ಚಳದಷ್ಟಿದೆ. ಪರದೆಯ ಮೇಲೆ ಕೂರಿಸಿದರೆ ತೋರಿಸಬೇಕಾದ ಬಣ್ಣ ಯಾವುದು, ತೋರಿಸುತ್ತಿರುವುದು ಯಾವುದು ಅಂತ ಅಳೆದು ತಿದ್ದಿಕೊಡುತ್ತದೆ. ಪ್ರೆಸ್ಸಿನವರು, "ಅಮ್ಮ, ಸ್ಕ್ರೀನ್ ಅಂದ್ರೆ ಬೆಳಕು, ನಮ್ಮದು ಶಾಯಿ. ಎರಡೂ ಒಂದೇ ಅಂದ್ಕೊಂಡ್ರೆ ಹೇಗೆ?" ಅಂತ ನಕ್ಕು, ಅವರ ಕಾಗದದ ಬಣ್ಣದ ಲೆಕ್ಕವಿರುವ ಫೈಲು ಕೊಟ್ಟರು, ಪ್ರೊಫೈಲ್ ಅಂತಾರೆ. ಅದನ್ನು ಹಾಕಿಕೊಂಡರೆ ಆ ಕಾಗದದ ಮೇಲೆ ಬಣ್ಣ ಎಷ್ಟು ಮಂಕಾಗುತ್ತದೆ ಅನ್ನುವುದು ಮೊದಲೇ ಕಾಣುತ್ತದೆ. ಗಿಳಿಹಸಿರಿದ್ದ ಕೋಣೆಯ ಗೋಡೆಗೂ, ಆ ಹಸಿರು ಕಣ್ಣಿಗೆ ಮೋಸ ಮಾಡದಿರಲಿ ಅಂತ, ಬೂದಿ ಬಣ್ಣ ಹೊಡೆಸಿದೆ. ನಿನ್ನ ಭಾವ ಜೈಲಿನ ಕೋಣೆ ನೋಡಿದ ಹಾಗೆ ಬಾಗಿಲಲ್ಲೇ ನಿಂತು, "ಊಟ ಇಲ್ಲಿಗೇ ಕಳಿಸ್ಲಾ, ಇಲ್ಲ ಹೊರಗೆ ಬಿಡ್ತಾರಾ?" ಅಂತ ಕೇಳಿದರು. ನಗಲಿ ಬಿಡು. ಪರದೆಯನ್ನೂ ಹಾಳೆಯನ್ನೂ ಪಕ್ಕದಲ್ಲಿಟ್ಟಾಗ ಅವರೇ ಕನ್ನಡಕ ಒರೆಸಿ ಒರೆಸಿ ನೋಡಿದರು.

ಇನ್ನು ಯಾವ ಮುಖ ಕೊಟ್ಟರೂ ನಾನು ಸರಿಯಾಗಿ ತುಂಬಿಕೊಡುತ್ತೇನೆ. ಜಂಬ ಅನ್ನು ಬೇಕಾದರೆ. ಯಂತ್ರ ತಂದು ನಿನ್ನ ಪರದೆಗೂ ಹಾಕಿಕೊಡುತ್ತೇನೆ, ಆಗ ನಮ್ಮಿಬ್ಬರ ಜಗಳ ಅರ್ಧಕ್ಕರ್ಧ ಕಮ್ಮಿಯಾಗುತ್ತದೆ. ಕುತ್ತಿಗೆ ನೋವು ಹೇಗಿದೆ? ಬಗ್ಗಿ ಕೂತು ಬರೆಯಬೇಡ ಅಂದರೆ ಕೇಳುವವಳಲ್ಲ ನೀನು.

ನಿನ್ನ ಕೈಗೆ ಆಯಸ್ಸು ಹೆಚ್ಚಲಿ, ಕಣ್ಣು ತಂಪಾಗಿರಲಿ. ಮಕ್ಕಳಿಗೆ ನನ್ನ ಮುದ್ದು.

ನಿನ್ನ
ಅಕ್ಕ

ಮತ್ತೆ: ಇದನ್ನು ಬರೆಯದೆ ಮುಚ್ಚೋಣ ಅಂತಿದ್ದೆ, ಮನಸ್ಸು ಕೇಳಲಿಲ್ಲ. ಈ ಹಾಳೆ ತರಲು ನಿನ್ನೆ ಪ್ರೆಸ್ಸಿಗೆ ಹೋಗಿದ್ದೆ. ಅಲ್ಲಿ ಮೇಜಿನ ಮೇಲೆ ದೋಣಿ ಅಜ್ಜಿಯ ಹೊಸ ಪುಸ್ತಕ ಇತ್ತು, ಇನ್ನೂ ಹೊಲಿಗೆ ಹಾಕಿರಲಿಲ್ಲ. ಚಿತ್ರ ಅನ್ನುವಲ್ಲಿ ನಿನ್ನ ಹೆಸರು. ಬಣ್ಣ ಅನ್ನುವಲ್ಲಿ ನನಗೆ ಗೊತ್ತಿಲ್ಲದ ಯಾರದೋ ಹೆಸರು. ಒಂದೊಂದೇ ಹಾಳೆ ತಿರುವಿದೆ. ಬಣ್ಣ ಚೆನ್ನಾಗಿ ಕೂತಿದೆ, ಸುಳ್ಳು ಹೇಳಲಾರೆ. ಪ್ರೆಸ್ಸಿನವರು, "ನಿಮಗೆ ಗೊತ್ತೇ ಇರುತ್ತಲ್ಲಮ್ಮ" ಅಂದರು. "ಗೊತ್ತಿಲ್ದೆ ಏನು, ನಾನೇ ಒಪ್ಪಿದ್ದು" ಅಂದೆ. ಕೆಲಸ ಹೋದದ್ದನ್ನು ತಡೆದುಕೊಳ್ಳುತ್ತೇನೆ ಪುಟ್ಟಿ. ಹೊರಗಿನವರ ಮುಂದೆ ನೀನು ನನ್ನನ್ನು ಕೇಳಿದ್ದೆ ಅಂತ ಸುಳ್ಳು ಹೇಳಿ ನಗಬೇಕಾಯಿತಲ್ಲ, ಅದನ್ನು ತಡೆಯಲು ಆಗುತ್ತಿಲ್ಲ.