ಎಡಗಡೆಯ ಕಾಲಂ

ಅಕ್ಕನ ಮನೆ
ಗುರುವಾರ, ಬೆಳಿಗ್ಗೆ

ಮೇಸ್ತ್ರಿಗಳೇ,

ಮೊದಲು ‘ಪ್ರೀತಿಯ’ ಎಂದು ಬರೆದಿದ್ದೆ, ಹೊಡೆದು ಹಾಕಿದ್ದೇನೆ. ಪ್ರೆಸ್ಸಿನಲ್ಲಿ ಎಲ್ಲರೂ ಕರೆಯುವ ಹೆಸರೇ ಇವತ್ತಿಗೆ ಸಾಕು. ಇಪ್ಪತ್ತೆರಡು ವರ್ಷ ಒಂದೇ ಮನೆಯಲ್ಲಿ ಗಂಡ ಹೆಂಡತಿಯಾಗಿ, ಒಂದೇ ಪ್ರೆಸ್ಸಿನಲ್ಲಿ ನೀವು ಮೇಸ್ತ್ರಿಯಾಗಿ ನಾನು ಪ್ರೂಫ್ ನೋಡುವವಳಾಗಿ ಇದ್ದದ್ದಕ್ಕೆ ಇಷ್ಟಾದರೂ ಮರ್ಯಾದೆ ಕೊಡುತ್ತಿದ್ದೇನೆ.

ನಿಮ್ಮ ಪತ್ರ ಬಂತು. ತಲೆಯ ಆಪರೇಷನ್ನಿನ ಹೊಲಿಗೆ ಮಾಯ್ದಿದೆ ಎಂದು ಅಕ್ಕ ಫೋನಿನಲ್ಲಿ ತಿಳಿಸಿದಳಂತೆ, ಶನಿವಾರ ಬಂದು ನನ್ನನ್ನು ಮನೆಗೆ ಕರೆದುಕೊಂಡು ಹೋಗುತ್ತೀರಂತೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಎರಡು ವರ್ಷ ನಾನು ನಿಮ್ಮ ಮೇಲೆ ಹರಿಹಾಯ್ದದ್ದೆಲ್ಲ ಆ ಗಡ್ಡೆಯ ಕೆಲಸ, ‘ನಿನ್ನದೇನೂ ತಪ್ಪಿಲ್ಲ, ನಾನು ಮನಸ್ಸಿಗೆ ಹಚ್ಚಿಕೊಂಡಿಲ್ಲ’ ಎಂದೂ ಬರೆದಿದ್ದೀರಿ. ಓದಿ ಮೈಯೆಲ್ಲ ಉರಿಯಿತು. ಗಡ್ಡೆಯ ಜೊತೆಗೆ ನನ್ನ ಕೋಪವನ್ನೂ ಕತ್ತರಿಸಿ ಬಿಸಾಡಿದ್ದಾರೆ ಎಂದುಕೊಂಡಿದ್ದರೆ, ತಗೊಳ್ಳಿ, ಇಲ್ಲಿದೆ.

ಡಾಕ್ಟರಮ್ಮನನ್ನೇ ಕೇಳಿದೆ. ಮೆದುಳಿನ ಗಡ್ಡೆಗಳಲ್ಲಿ ನೂರಕ್ಕೂ ಹೆಚ್ಚು ಬಗೆಯಂತೆ. ಕೆಲವು ಮೆದುಳಿನೊಳಗೇ ಹುಟ್ಟಿ ಬೇಗ ಹಬ್ಬುತ್ತವೆ, ಕೆಲವು ಮೈಯ ಬೇರೆ ಕಡೆಯ ಕ್ಯಾನ್ಸರಿನಿಂದ ಬಂದು ಸೇರಿಕೊಳ್ಳುತ್ತವೆ. ನನ್ನದು ಮೆದುಳಿನ ಹೊದಿಕೆಯಲ್ಲಿ ಹುಟ್ಟಿ, ಆತುರವಿಲ್ಲದೆ ವರ್ಷಗಟ್ಟಲೆ ಬೆಳೆದದ್ದು, ಕ್ಯಾನ್ಸರಲ್ಲ. ತಲೆಯ ಹಿಂದೆ ಬಲಗಡೆ ಕೂತು, ಎರಡೂ ಕಣ್ಣಿನ ಎಡಗಡೆಯ ನೋಟವನ್ನು ತಿಂದು ಹಾಕಿತು. ಎಡಗಡೆ ಅಂತ ಒಂದಿದೆ ಎನ್ನುವ ಗಮನವನ್ನೂ ತಿಂದಿತು. ಸಿಟ್ಟಿಗೂ ಆ ಜಾಗಕ್ಕೂ ಸಂಬಂಧವಿದೆಯೇ ಎಂದದ್ದಕ್ಕೆ ಆಕೆ ನಕ್ಕು, ಸಿಟ್ಟು ನಿಮ್ಮ ಸ್ವಂತದ್ದೇ ಇರಬೇಕು ಅಂದರು.

ಆಸ್ಪತ್ರೆಯಿಂದ ಬಿಡುವ ದಿನ ನರ್ಸಮ್ಮ ಒಂದು ಪುಸ್ತಿಕೆ ಕೊಟ್ಟರು. ‘ಮೆದುಳು ಮತ್ತು ನರಗಳ ಗಡ್ಡೆಗಳು: ದೊಡ್ಡವರಲ್ಲಿ, ಮಕ್ಕಳಲ್ಲಿ.’ ಹಿಂಬದಿಯಲ್ಲಿ ನಮ್ಮ ಪ್ರೆಸ್ಸಿನ ಹೆಸರು. ಹೋದ ವರ್ಷ ಅದರ ಪ್ರೂಫ್ ನೋಡಿದವಳು ನಾನೇ. ಪುಟದ ನಡುವೆ ಗೆರೆ, ಎಡಕ್ಕೆ ದೊಡ್ಡವರು, ಬಲಕ್ಕೆ ಮಕ್ಕಳು. ಮಕ್ಕಳ ಭಾಗ ನನಗೆ ಬಾಯಿಪಾಠ: ಚಿಕ್ಕಮೆದುಳಿನಲ್ಲಿ ಗಡ್ಡೆಯಾದರೆ ಬೆಳಿಗ್ಗೆ ಏಳುತ್ತಲೇ ತಲೆನೋವು, ವಾಂತಿ, ನಡಿಗೆಯಲ್ಲಿ ತೂರಾಟ. ಆ ವಾರವಿಡೀ ಬೀದಿಯ ಮಕ್ಕಳ ಕಾಲನ್ನೇ ನೋಡುತ್ತ ನಡೆದು, ನಾನೇ ಕಂಬಕ್ಕೆ ಎಡಭುಜ ಬಡಿದುಕೊಂಡಿದ್ದೆ. ದೊಡ್ಡವರ ಭಾಗ ಓದಿದ ನೆನಪೇ ಇಲ್ಲ. ಈಗ, ಆಸ್ಪತ್ರೆಯಲ್ಲಿ ನನ್ನಂಥವರಿಗೆ ಹೊಸದಾಗಿ ಓದಲು ಕಲಿಸುವಾಕೆ ಹೇಳಿಕೊಟ್ಟಂತೆ ಪ್ರತಿ ಸಾಲಿಗೂ ಕತ್ತು ಎಡಕ್ಕೆ ತಿರುಗಿಸಿ, ಅಂಚಿನಲ್ಲಿ ಬೆರಳಿಟ್ಟು ಓದಿದೆ. ‘ಒಂದು ಬದಿಯ ನೋಟ ಕಡಿಮೆಯಾಗುವುದು, ಆ ಬದಿಯ ಬಾಗಿಲು, ಮೇಜುಗಳಿಗೆ ಮೈ ತಾಕುವುದು, ತಟ್ಟೆಯ ಅರ್ಧ ಊಟ ಹಾಗೇ ಉಳಿಯುವುದು. ಕೂಡಲೇ ವೈದ್ಯರಿಗೆ ತೋರಿಸಿ.’

ಒಂದೇ ಒಂದು ತಪ್ಪೂ ಇರಲಿಲ್ಲ. ನಾನು ಓದದ ಭಾಗ ಇಷ್ಟು ಚೊಕ್ಕಟವಾಗಿರುವುದು ಹೇಗೆ ಎಂದು, ನಮ್ಮ ಮಗಳಿಗೆ ಹೇಳಿ ಪ್ರೆಸ್ಸಿನ ಕಪಾಟಿನಿಂದ ಹಳೆಯ ಪ್ರೂಫ್ ಕಟ್ಟು ತರಿಸಿದೆ. ಕೆಳಗೆ ಬಲಮೂಲೆಯಲ್ಲಿ ನನ್ನ ಸಹಿ. ಬಲ ಕಾಲಂನಲ್ಲಿ ನನ್ನ ತಿದ್ದುಪಡಿ. ಎಡಗಡೆಯೆಲ್ಲ ನಿಮ್ಮದು. ಅಕ್ಷರ ತೆಗೆದುಹಾಕಿ ಎನ್ನುವ ಗುರುತಿಗೆ ಅಷ್ಟುದ್ದ ಬಾಲ ಎಳೆಯುವವರು ಆ ಪ್ರೆಸ್ಸಿನಲ್ಲಿ ನೀವೊಬ್ಬರೇ. ತಟ್ಟೆಯ ಸಾಲಿನಲ್ಲಿ ಬಿಟ್ಟುಹೋಗಿದ್ದ ‘ಅರ್ಧ’ವನ್ನು ನೀವೇ ಕೈಯಾರೆ ಸೇರಿಸಿದ್ದೀರಿ. ಕಟ್ಟಿನಲ್ಲಿದ್ದ ಬೇರೆ ಪುಸ್ತಕಗಳದ್ದೂ ಅದೇ ಕಥೆ, ಎರಡು ವರ್ಷದ್ದು.

ಆ ಸಾಲು ತಿದ್ದಿದ ದಿನ ಮನೆಗೆ ಬಂದು ಏನು ಮಾಡಿದಿರಿ? ನನ್ನ ತಟ್ಟೆ ತಿರುಗಿಸಿ ಇಟ್ಟಿರಿ. ದಿನಾ ಅದೇ. ನಾನು ಅರ್ಧ ತಿಂದು ಮುಗಿಸಿದ ಮೇಲೆ ನೀವು ಸದ್ದಿಲ್ಲದೆ ತಟ್ಟೆ ತಿರುಗಿಸುವುದು, ಉಳಿದದ್ದು ಆಗ ನನ್ನ ಕಣ್ಣಿಗೆ ಬೀಳುವುದು. ನೀವು ಮತ್ತೆ ಬಡಿಸಿದಿರಿ ಎಂದುಕೊಂಡು, ತಿನ್ನಿಸಿ ತಿನ್ನಿಸಿ ನನ್ನನ್ನೇನು ಗುಡಾಣ ಮಾಡ್ತೀರಾ ಅಂತ ರೇಗುತ್ತಿದ್ದೆ. ನೀವು ನಗುತ್ತಿದ್ದಿರಿ. 

ನಿಮ್ಮ ಉತ್ತರ ನನಗೆ ಗೊತ್ತು. ಪ್ರೆಸ್ಸಿನ ಯಜಮಾನರಿಗೆ ತಿಳಿದಿದ್ದರೆ ನನ್ನ ಕೆಲಸ, ನನ್ನ ಮೇಜು ಹೋಗುತ್ತಿತ್ತು. ಮೇಜು ಉಳಿಸಿದಿರಿ, ಸರಿ. ಅದೇ ಮೇಜಿನ ಮುಂದೆ ಫಿಟ್ಸ್ ಬಂದು ಬಿದ್ದ ಮೇಲೆ ತಾನೇ ನಾವು ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದು? ಮೊದಲೇ ಬಂದಿದ್ದರೆ ನೋಟ ಬಹುಮಟ್ಟಿಗೆ ಉಳಿಯುತ್ತಿತ್ತೇನೋ ಎಂದರು ಡಾಕ್ಟರಮ್ಮ. ಹೋದದ್ದು ಮರಳುವುದು ಅನುಮಾನ. ಪ್ರೀತಿಯಿಂದ ಮುಚ್ಚಿಟ್ಟಿದ್ದಾರೆ ಕಣೇ ಎನ್ನುತ್ತಾಳೆ ಅಕ್ಕ. ಇರಬಹುದು. ನಾನು ಇಷ್ಟು ವರ್ಷ ಮಾಡಿದ ಕೆಲಸ ಒಂದೇ: ತಪ್ಪು ಕಂಡರೆ ಗುರುತು ಹಾಕಿ ಬರೆದವರ ಮುಂದಿಡುವುದು. ಅದನ್ನು ನೀವು ನನಗೊಬ್ಬಳಿಗೆ ಮಾಡಲಿಲ್ಲ. ಎರಡು ವರ್ಷದಲ್ಲಿ ಒಂದು ದಿನವೂ ಬಾಯಿ ಬಿಡಲಿಲ್ಲ.

ಶನಿವಾರ ಬರಬೇಡಿ. ನನ್ನ ಕೋಪ ನನ್ನದೇ ಎಂದು ಒಪ್ಪಿಕೊಂಡು, ಅದಕ್ಕೆ ಉತ್ತರ ಬರೆಯುವವರೆಗೆ ಈ ಕಡೆ ತಲೆ ಹಾಕಬೇಡಿ.

ಇಂತಿ,
ನಿಮ್ಮ ಪ್ರೆಸ್ಸಿನ ಪ್ರೂಫಮ್ಮ

ತಾ.ಕ.: ಒಂದು ದಿನವೂ ಬಾಯಿ ಬಿಡಲಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಒಂದು ಭಾನುವಾರ ಮಧ್ಯಾಹ್ನ, ಕಣ್ಣು ತೋರಿಸ್ಕೊಂಡು ಬರೋಣ್ವಾ ಅಂತ ಮೆಲ್ಲಗೆ ಕೇಳಿದ್ದಿರಿ. ನಾನು ಕನ್ನಡಕವನ್ನು ಮೇಜಿನ ಮೇಲೆ ಕುಕ್ಕಿ, ಮೂರು ದಿನ ಮಾತು ಬಿಟ್ಟೆ. ಬಾಗಿಲು ಎಡಭುಜಕ್ಕೇ ತಾಕುತ್ತಿದೆ ಎಂದು ನನಗೂ ಗೊತ್ತಿತ್ತು. ಹೆದರಿದ್ದೆ. ಆದರೂ ನೀವು ಇನ್ನೊಂದು ಸಲ ಕೇಳಬೇಕಿತ್ತು. ಈ ಪತ್ರದ ಎಡಗಡೆ ಏನೇನು ಬಿಟ್ಟಿದ್ದೇನೋ ನನಗೆ ಕಾಣುತ್ತಿಲ್ಲ. ಕೆಂಪು ಪೆನ್ನಿನಲ್ಲಿ ಗುರುತು ಹಾಕಿ, ಶನಿವಾರ ನೀವೇ ತಂದು ನನ್ನ ಮುಂದಿಡಿ. ತಿದ್ದಬೇಡಿ, ತೋರಿಸಿ.