ಅಕ್ಕ ಕರೆಯುತ್ತಿದ್ದ ಹೆಸರು

೯ ಆಗಸ್ಟ್ ೧೯೯೪, ಮಂಗಳವಾರ. ಬ್ಲ್ಯಾಕ್‌ಟೌನ್.

ಅಕ್ಕ ಹೋದಳೆಂದು ಮೊನ್ನೆ ಊರಿನಿಂದ ಫೋನ್ ಬಂತು. ಸೂತಕ, ದೇವರಿಗೆ ದೀಪ ಹಚ್ಚುವಂತಿಲ್ಲ. ಯಾರ ಮುಂದೆ ಅಳಲಿ, ಕೃಷ್ಣಾ?

ಸಂಜೆ ಮಗಳು ನವ್ಯಾ ಶಾಲೆಯ ಫ್ರೆಂಚ್ ಪಾಠದ ಸುದ್ದಿ ತೆಗೆದಳು. ನನ್ನನ್ನು ನಗಿಸಲಿಕ್ಕೇ ಇರಬೇಕು. ಪ್ಯಾರಿಸಿನ ಹುಡುಗರು ಮಾತನ್ನು ಹಿಂದುಮುಂದು ಮಾಡಿ ಆಡುತ್ತಾರಂತೆ. ಮೆರ್ಸಿ ಅಂದರೆ ಥ್ಯಾಂಕ್ಸ್, ಅದು ಅವರ ಬಾಯಲ್ಲಿ ಸಿಮೆರ್.

"ಇದೇನು ದೊಡ್ಡ ವಿಷಯ ಮಗಾ? ಅಜ್ಜಿಗೆ ಗೊತ್ತಾಗಬಾರದು ಅಂತ ನಾನೂ ಅಕ್ಕನೂ ಹಾಗೇ ಮಾತಾಡ್ತಿದ್ದೆವು. ಹಸಿವು ಅನ್ನಲಿಕ್ಕೆ ವುಸಿಹ. ಸುಮತಿ ಅಕ್ಕನನ್ನ ತಿಮಸು ಅಂತಿದ್ದೆ."

"ರಿಯಲಿ, ಅಮ್ಮಾ?" ಎಂದವಳು ಬೆರಳು ಮಡಚಿ ಏನೋ ಯೋಚಿಸಿದಳು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಕೂಗಿದಳು: "ತಿವಣಗು, ಡಿನ್ನರ್ ರೆಡಿ!"

ಗುಣವತಿ ಎಂಬ ನನ್ನನ್ನು ಹಾಗೆ ಕರೆದವಳು ಅಕ್ಕ ಒಬ್ಬಳೇ. ಎದೆ ಒಡೆದುಹೋಯಿತು. "ಹಾಗೆ ಕರೀಬೇಡ!" ಎಂದು ಬೈದುಬಿಟ್ಟೆ. "ಸಾರಿ" ಎಂದು ಕೋಣೆಗೆ ಹೋದವಳು ಊಟಕ್ಕೂ ಬರಲಿಲ್ಲ.

ಅವಳ ತಟ್ಟೆ ಮುಚ್ಚಿಟ್ಟದ್ದು ಹಾಗೇ ಇದೆ. ಪಾಪ, ಹಸಿದಿರಬಹುದು. ಬಾಗಿಲ ಹತ್ತಿರ ಹೋಗಿ, ವುಸಿಹವಾ ಅಂತ ಕೇಳಲೇ? ಅವಳು ನಕ್ಕರೆ, ಇನ್ನೊಂದು ಸಲ ಆ ಹೆಸರು ಕರಿ ಅಂತ...